ಆಕರ ಪಟ್ಟಿಗೆ ಸೇರದ ಮೇಲ್‌ಗಳು

“ಇದು ಪ್ರಶ್ನೆ ಅಲ್ಲ, ಸುಮ್ಮನೆ ಒಂದು ಮಾತು” ಎಂದು ಶುರುಮಾಡುವ ಗಂಡಸರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಳಿಯ ಅಲ್ಲ, ಮಗಳ ಗಂಡ ಅನ್ನುವ ಜಾತಿ. ಪ್ರಶ್ನೆ ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತದಲ್ಲ, ಆ ಕಷ್ಟ ಬೇಡವೆಂದು ‘ಮಾತು’ ಎನ್ನುತ್ತಾರೆ. ವಿದ್ವಾಂಸರ ಸಭೆ ಎಲ್ಲೇ ನಡೆಯಲಿ, ಇಂಥವನೊಬ್ಬ ಮೂರನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಾನೆ.

ಎಸ್ಕಿಲ್ ಸುಂಡ್‌ಮನ್ ಮೂರನೆಯ ಸಾಲಿನಲ್ಲೇ ಕೂತಿದ್ದ.

ಸಭೆ ನಡೆದದ್ದು ಓಬು ಪಟ್ಟಣದಲ್ಲಿ, ಸಮುದ್ರದ ಫಿನ್ಲೆಂಡ್ ದಡದಲ್ಲಿ. ನಾನು ಸ್ವೀಡನ್ ದಡದಿಂದ ಹಡಗು ಹತ್ತಿ ಹೋಗಿದ್ದೆ. ನನ್ನ ಪಿಎಚ್‌ಡಿಯ ವಿಷಯವೂ ಆ ಎರಡು ದಡಗಳ ನಡುವಿನ ನೀರೇ. ಮುನ್ನೂರು ವರ್ಷದ ಹಿಂದೆ ದ್ವೀಪದ ರೈತರು ದೋಣಿಗೆ ಹುಟ್ಟು ಹಾಕಿ ರಾಜನ ಟಪಾಲನ್ನು ದಾಟಿಸುತ್ತಿದ್ದರು. ಟಪಾಲು ಸದಾ ತಡವಾಗಿ ತಲುಪುತ್ತಿತ್ತು. ತಡಕ್ಕೆ ಬಿರುಗಾಳಿಯೇ ಕಾರಣ ಎಂದು ನಾನು ನಕ್ಷೆ ತೋರಿಸಿ ವಿವರಿಸಿದೆ. ಚಪ್ಪಾಳೆ ಬಿತ್ತು. ಅವನು ಎದ್ದು ನಿಂತ.

“ಇದು ಪ್ರಶ್ನೆ ಅಲ್ಲ, ಸುಮ್ಮನೆ ಒಂದು ಮಾತು...”

“ಹಾಗಾದ್ರೆ ಕೂತ್ಕೋ,” ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಅವನು ಕೂರಲಿಲ್ಲ. ಕಿವಿ ಮಾತ್ರ ನಿಧಾನವಾಗಿ ಕೆಂಪಾಯಿತು, ಮೊದಲು ಎಡಗಿವಿ, ಆಮೇಲೆ ಬಲಗಿವಿ.

“ಸರಿ, ಪ್ರಶ್ನೆನೇ ಕೇಳ್ತೀನಿ. ನೀನು ಯಾವತ್ತಾದ್ರೂ ದೋಣಿಗೆ ಹುಟ್ಟು ಹಾಕಿದ್ದೀಯಾ?”

“ಇಲ್ಲ.”

“ನಿನ್ನ ಮಾತು ಕೇಳಿದ್ರೆ ಗೊತ್ತಾಗುತ್ತೆ,” ಎಂದು ಹೇಳಿ ಕೂತ.

ಕಾಫಿಯ ಹೊತ್ತಿಗೆ ನನ್ನನ್ನೇ ಹುಡುಕಿಕೊಂಡು ಬಂದ. ಬೂದು ಬಣ್ಣದ ಸ್ವೆಟರನ್ನು ಒಳಮೈ ಹೊರಗಾಗಿ ಹಾಕಿಕೊಂಡಿದ್ದ. ಕತ್ತಿನ ಹಿಂದೆ ಕಂಪನಿಯ ಚೀಟಿ ಬಾವುಟದ ಹಾಗೆ ನಿಂತಿತ್ತು. ಜೇಬಿನಿಂದ ಕಪ್ಪು ಮಿಠಾಯಿಯ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದ. ಅದು ಆ ದಡದವರು ಪ್ರಾಣ ಬಿಡುವ ಉಪ್ಪುಮಿಠಾಯಿ.

“ಸಿಟ್ಟು ಬಂತಾ?”

“ಸಿಟ್ಟು ಮಾಡ್ಕೊಳ್ಳೋಕೆ ನೀನು ಯಾರು ಅಂತ ಮೊದ್ಲು ನಂಗೆ ಗೊತ್ತಾಗ್ಬೇಕಲ್ಲ.”

“ಎಸ್ಕಿಲ್. ಹಳೇ ದೋಣಿಗಳ ಮೇಲೆ ಕೆಲಸ ಮಾಡ್ತೀನಿ. ಇಲ್ಲೇ ಪಾಠ ಹೇಳ್ತೀನಿ.”

“ಪಾಪ, ಹುಡುಗರು.”

ಅವನು ನಕ್ಕ. ನಗುವಾಗ ಕಣ್ಣು ಎಷ್ಟು ಕಿರಿದಾಗುತ್ತಿತ್ತೆಂದರೆ ಎದುರಿನವರು ಇನ್ನೂ ಕಾಣುತ್ತಿದ್ದಾರೋ ಇಲ್ಲವೋ ಎಂಬ ಅನುಮಾನ ಬರಬೇಕು. ಮಿಠಾಯಿ ಬಾಯಿಗೆ ಹಾಕಿಕೊಂಡೆ, ಸಮುದ್ರದ ನೀರಲ್ಲಿ ಬೆಲ್ಲ ಕದಡಿದಂತಿತ್ತು. ಉಗುಳುವುದಕ್ಕೆ ಹಟ ಬಿಡಲಿಲ್ಲ. ಸ್ವೆಟರಿನ ಸಂಗತಿಯನ್ನು ಅವನಿಗೆ ಹೇಳಲೂ ಇಲ್ಲ. ಸಂಜೆಯವರೆಗೆ ಆ ಚೀಟಿ ಸಭೆಯಲ್ಲಿ ಎಲ್ಲೆಲ್ಲಿ ಓಡಾಡಿತೆಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಊರಿಗೆ ಬಂದ ಮೇಲೆ ಅವನ ಮೇಲ್ ಬಂತು. ಅದಕ್ಕೆ ಪ್ರಿಯ ಇಲ್ಲ, ನಮಸ್ಕಾರ ಇಲ್ಲ.

“ನಿನ್ನ ಲೇಖನದ ಹನ್ನೆರಡನೇ ಪುಟ ತಪ್ಪು. ಆ ದೋಣಿಗೆ ಎಂಟು ಜನ ಬೇಕು, ಆರು ಸಾಲಲ್ಲ. ಎ.”

“ಆರು ಅಂತ ರೈತನೇ ಬರೆದಿದ್ದಾನೆ. ನಿನಗಿಂತ ಅವನಿಗೆ ದೋಣಿ ಚೆನ್ನಾಗಿ ಗೊತ್ತಿತ್ತು. ಟೋರುನ್.”

“ಅವನು ಸಂಬಳಕ್ಕಿದ್ದವರನ್ನು ಲೆಕ್ಕ ಹಾಕಿದ. ಹೆಂಡತಿ ಮತ್ತೆ ಮಗಳನ್ನು ಬಿಟ್ಟ. ನೀನೂ ಬಿಟ್ಟೆ. ನಾಚಿಕೆ ಆಗಬೇಕು.”

ನಾಚಿಕೆ ಆಯಿತು, ಆದರೆ ಅವನಿಗೇಕೆ ಹೇಳಲಿ? “ನಿನ್ನ ಹೊಸ ಲೇಖನ ಓದಿದೆ. ಮೊದಲ ಪುಟದಲ್ಲೇ ನಿದ್ದೆ ಬಂತು” ಎಂದು ಬರೆದೆ. ಉತ್ತರ ತಕ್ಷಣ ಬಂತು: “ಎರಡನೇ ಪುಟದಲ್ಲಿ ನಾನೂ ಮಲಗಿದ್ದೆ.”

ಹೀಗೆ ಎರಡು ವರ್ಷ ನಡೆಯಿತು. ನಾನೊಂದು ಲೇಖನ ಅಚ್ಚು ಹಾಕಿಸಿ ಅವನಿಗೆ ಕೋಪ ಬಂದರೆ ಮೇಲ್ ಬರುತ್ತಿತ್ತು. ಎಲ್ಲರೂ ನನ್ನನ್ನು ಹೊಗಳಿದ ವಾರಗಳಲ್ಲಿ ಇನ್‌ಬಾಕ್ಸ್ ಖಾಲಿ ಹೊಡೆಯುತ್ತಿತ್ತು. ಖಾಲಿ ಹೊಡೆದಷ್ಟೂ ನನಗೆ ತಲೆ ಕೆಡುತ್ತಿತ್ತು. ಬೇಕೆಂದೇ ಒಂದು ಸುಳ್ಳು ತಾರೀಕು ತುರುಕಿ ಅವನಿಗೆ ಕರಡು ಕಳಿಸಿದ್ದೂ ಉಂಟು. ಅರ್ಧ ಗಂಟೆಯಲ್ಲಿ “ಕುರುಡಿ!” ಎಂದು ಉತ್ತರ ಬಂದಿತು, ನನ್ನ ಇಡೀ ದಿನ ಚೆನ್ನಾಗಿ ಹೋಯಿತು. ಇದಕ್ಕೆ ಏನು ಹೆಸರು ಎಂದು ಆಗ ಯೋಚಿಸಲಿಲ್ಲ. ಪಿಎಚ್‌ಡಿ ಮಾಡುವವರಿಗೆ ಪ್ರತಿಯೊಂದಕ್ಕೂ ಹೆಸರಿಡುವುದೇ ಕಸುಬು. ಇದೊಂದನ್ನು ಹಾಗೇ ಬಿಟ್ಟಿದ್ದೆ.

ಒಂದು ನವೆಂಬರಿನಲ್ಲಿ ಎಂದಿಗಿಂತ ಉದ್ದವಾದ ಮೇಲ್ ಬಂತು.

“ಟೋರುನ್, ನೀನು ಬಿರುಗಾಳಿಯ ದಿನಗಳನ್ನೇ ಎಣಿಸ್ತಾ ಕೂತಿದ್ದೀಯ. ಶಾಂತವಾಗಿದ್ದ ದಿನಗಳನ್ನು ನೋಡು. ಸಮುದ್ರ ತಣ್ಣಗಿದ್ದಾಗ ಯಾವ ದಡ್ಡ ರಾಜನ ಕಾಗದ ಹೊರ್ತಾನೆ? ಬಲೆ ತಗೊಂಡು ಮೀನಿಗೆ ಹೋಗ್ತಾನೆ. ಗಾಳಿ ಎದ್ದು ಬಲೆ ಬೀಸೋಕೆ ಆಗದೇ ಇದ್ದಾಗ, ಅಯ್ಯೋ ಟಪಾಲು ಬಿದ್ದಿದೆಯಲ್ಲ ಅಂತ ದೋಣಿ ತಳ್ತಾನೆ. ಟಪಾಲು ಹೊರಟಿದ್ದೇ ಕೆಟ್ಟ ಗಾಳಿಯಲ್ಲಿ.”

ಹಳೆಯ ದಿನಚರಿಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ತಣ್ಣಗಿನ ದಿನಗಳಲ್ಲಿ ಟಪಾಲು ದಡದಲ್ಲೇ ಕೊಳೆತಿತ್ತು. ಅಷ್ಟೊಂದು ಜನ ಯಾಕೆ ಮುಳುಗಿ ಸತ್ತರು ಎಂಬುದೂ ಆಗಲೇ ತಿಳಿಯಿತು. ನನ್ನ ನಾಲ್ಕನೆಯ ಅಧ್ಯಾಯವನ್ನು ಹರಿದು ಹಾಕಿ ಹೊಸದಾಗಿ ಬರೆದೆ. ಆ ಅಧ್ಯಾಯ ಅವನ ಆ ಒಂದು ಮೇಲ್ ಮೇಲೆ ನಿಂತಿತು.

ವಸಂತದಲ್ಲಿ ನನ್ನ ಗೈಡ್ ಫೋಲ್ಕೆ ನನ್ನನ್ನು ಕೋಣೆಗೆ ಕರೆದ. ಫೋಲ್ಕೆಯನ್ನು ತಿಳಿಯಲು ಅವನ ಯಾವುದಾದರೂ ಪುಸ್ತಕದ ಕೊನೆಯ ಆಕರ ಪಟ್ಟಿ ನೋಡಿದರೆ ಸಾಕು. ಮಿಕ್ಕ ಪ್ರಪಂಚಕ್ಕೆ ಮೂರು ಪುಟ, ಅವನಿಗೊಬ್ಬನಿಗೇ ಎರಡು. ಎದುರಿಗೆ ನನ್ನ ಪ್ರಬಂಧ ಬಿಚ್ಚಿಕೊಂಡಿತ್ತು, ಪಕ್ಕದಲ್ಲಿ ಕಚ್ಚಿ ಬಿಟ್ಟ ಏಲಕ್ಕಿ ಬನ್ನು.

“ಇಲ್ಲಿ ಕಂಸದಲ್ಲಿ ಏನೋ ಬರೆದಿದ್ದೀಯಲ್ಲ, ‘ಸುಂಡ್‌ಮನ್, ಖಾಸಗಿ ಇ-ಮೇಲ್’ ಅಂತ. ಅಡುಗೆಮನೆ ಹರಟೆ ಥರ ಕಾಣ್ತಿದೆ.”

“ನಿಯಮ ಇರೋದೇ ಹಾಗೆ, ಫೋಲ್ಕೆ. ಖಾಸಗಿ ಮೇಲ್ ಓದುಗನ ಕೈಗೆ ಸಿಗಲ್ಲ, ಅದಕ್ಕೇ ಆಕರ ಪಟ್ಟಿಗೆ ಹಾಕೋ ಹಾಗಿಲ್ಲ. ವಾಕ್ಯದ ಪಕ್ಕದಲ್ಲೇ ಹೆಸರು, ತಾರೀಕು ಹಾಕ್ಬೇಕು. ಬರೆದವನ ಅನುಮತಿ ಕೇಳ್ಬೇಕು.”

“ನಂಗೇ ನಿಯಮ ಕಲಿಸ್ತೀಯಾ?”

“ಯಾರಾದ್ರೂ ಕಲಿಸ್ಬೇಕಲ್ಲ.”

ಅವನು ಬನ್ನು ಎತ್ತಿಕೊಂಡ. “ನೋಡು ಟೋರುನ್. ಎಸ್ಕಿಲ್‌ನ ನಿನ್ನ ಎದುರಾಳಿ ಅಂತ ಗೊತ್ತುಮಾಡಿ ಆಗಿದೆ.”

ಎದುರಾಳಿ ಎಂದರೆ ತುಂಬಿದ ಸಭೆಯಲ್ಲಿ ನಮ್ಮ ಪ್ರಬಂಧವನ್ನು ಎಳೆಎಳೆಯಾಗಿ ಬಿಡಿಸಿ ಪ್ರಶ್ನೆ ಕೇಳುವ ಪರೀಕ್ಷಕ. ಅವನು ಅಭ್ಯರ್ಥಿಗೆ ನೆಂಟನೂ ಆಗಿರಬಾರದು, ಪ್ರಬಂಧದ ಪಾಲುದಾರನೂ ಆಗಿರಬಾರದು. ಅಧ್ಯಾಯದ ಬೆನ್ನೆಲುಬೇ ಅವನದು ಎಂದು ಅಚ್ಚಿನಲ್ಲಿ ಬಂದರೆ ಅವನು ಆ ಕುರ್ಚಿಯಲ್ಲಿ ಕೂರುವ ಹಾಗಿರಲಿಲ್ಲ. ಬೇರೊಬ್ಬರನ್ನು ಹುಡುಕುವಷ್ಟರಲ್ಲಿ ಬೇಸಿಗೆ ರಜೆ ಬರುತ್ತದೆ, ಪರೀಕ್ಷೆ ಶರತ್ಕಾಲಕ್ಕೆ ಹೋಗುತ್ತದೆ. ನನಗೆ ಕಡಲ ಮ್ಯೂಸಿಯಂನಲ್ಲಿ ಕೆಲಸ ಗೊತ್ತಾಗಿತ್ತು. ಅವರ ಷರತ್ತು ಒಂದೇ, ಜೂನ್ ಒಳಗೆ ಡಾಕ್ಟರೇಟ್ ಕೈಯಲ್ಲಿರಬೇಕು.

“ಆ ಕಂಸ ತೆಗೆದುಬಿಡು. ‘ಇಲ್ಲಿ ಗಮನಿಸಬಹುದಾದ ಅಂಶವೆಂದರೆ’ ಅಂತ ಬರಿ.”

“ಗಮನಿಸಿದ್ದು ಯಾರು?”

“ಯಾರೂ ಅಲ್ಲ. ಗಮನಿಸಬಹುದು, ಅಷ್ಟೇ.”

“ಅದಕ್ಕೆ ಕಳ್ಳತನ ಅಂತಾರೆ.”

“ಅದಕ್ಕೆ ಶೈಲಿ ಅಂತಾರೆ,” ಎಂದು ಫೋಲ್ಕೆ ಬೆರಳಿಗೆ ಅಂಟಿದ ಸಕ್ಕರೆ ನೆಕ್ಕಿದ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಈ ಮನುಷ್ಯನ ಐದು ಪುಸ್ತಕಗಳಲ್ಲಿ ‘ಗಮನಿಸಬಹುದಾದ ಅಂಶ’ ಎಷ್ಟು ಸಲ ಬಂದಿದೆ, ಅದರ ಹಿಂದೆ ಯಾವ ಯಾವ ವಿದ್ಯಾರ್ಥಿಗಳ ಮೇಲ್‌ಗಳಿವೆ ಎಂದು ನೆನೆದು ಅಸಹ್ಯವಾಯಿತು. ನನ್ನ ಕೋಣೆಗೆ ಹೋಗಿ ಕಂಸ ತೆಗೆದು ನೋಡಿದೆ. ವಾಕ್ಯ ನುಣ್ಣಗೆ, ಚೆಂದವಾಗಿ ಕೂತಿತು. ಆ ಚೆಂದ ನೋಡಿ ಇನ್ನೂ ಅಸಹ್ಯವಾಯಿತು. ಕೆಲಸ ನನಗೆ ಬೇಕೇ ಬೇಕಿತ್ತು. ಆದರೆ ಆ ಮಾತು ಅವನದು. ಮುನ್ನೂರು ವರ್ಷದ ಹಿಂದಿನ ರೈತನ ಒಂದೊಂದು ಸಾಲಿಗೂ ಹೆಸರು, ಕಟ್ಟು, ಹಾಳೆ ಎಲ್ಲ ನಮೂದಿಸಿದವಳು ನಾನು. ಬದುಕಿರುವವನ ಬಾಯಿಂದ ಕಸಿದುಕೊಳ್ಳಲೇ? ಕಂಸವನ್ನು ಇದ್ದಲ್ಲೇ ಇಟ್ಟೆ. ಅನುಮತಿ ಕೇಳಿ ಬರೆದೆ.

“ಪ್ರಿಯ ಎಸ್ಕಿಲ್, ನವೆಂಬರಿನ ನಿನ್ನ ಮೇಲನ್ನು ನನ್ನ ಪ್ರಬಂಧದಲ್ಲಿ ನಿನ್ನ ಹೆಸರಿನಲ್ಲೇ ಉಲ್ಲೇಖಿಸಲು ದಯವಿಟ್ಟು ಅನುಮತಿ ಕೊಡುವೆಯಾ? ಇದರಿಂದ ನೀನು ಎದುರಾಳಿಯಾಗುವುದಕ್ಕೆ ತೊಡಕಾಗಬಹುದು. ಗೌರವದೊಂದಿಗೆ, ಟೋರುನ್.”

ಕೂಡಲೇ ಉತ್ತರ ಬಂತು.

“ಪ್ರಿಯ? ದಯವಿಟ್ಟು? ಗೌರವ? ಯಾರಾದ್ರೂ ಸತ್ತರಾ?”

“ಅನುಮತಿ ಕೊಡ್ತೀಯೋ ಇಲ್ವೋ ಹೇಳು, ಕತ್ತೆ.”

“ಅಬ್ಬ, ಬದುಕಿದ್ದೀಯ. ಕೊಟ್ಟಿದ್ದೇನೆ. ಉಳಿದ ತೊಡಕು ನನಗೆ ಬಿಡು.”

ಆಮೇಲೆ ಸದ್ದಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ಬೇಕೆಂದೇ ಒಂದು ಹಸಿ ತಪ್ಪನ್ನು ಬರೆದು ಕಳಿಸಿದೆ, ದೋಣಿಗೆ ನಾಲ್ಕೇ ಜನ ಸಾಕಿತ್ತೆಂದು. ಅದಕ್ಕೂ ಉತ್ತರವಿಲ್ಲ. ಸರಿ, ಹೇಡಿ, ಎಂದುಕೊಂಡೆ. ಮೂರನೆಯ ಸಾಲಿನಲ್ಲಿ ಕೂತು ಮಾತಾಡುವುದು ಸುಲಭ, ಹೊತ್ತಿಗೆ ಬರುವುದು ಕಷ್ಟ. ಗಂಡಸರೆಲ್ಲ ಒಂದೇ, ವಿದ್ವಾಂಸರಾದ ಗಂಡಸರಂತೂ ಇನ್ನೂ ಕಡೆ. ಹೀಗೆ ಬೈದುಕೊಳ್ಳುತ್ತ ಅವನ ಹಳೆಯ ಮೇಲ್‌ಗಳನ್ನು ಮೊದಲಿನಿಂದ ಓದಿದೆ. ‘ಕುರುಡಿ’ ಎಂಬಲ್ಲಿಗೆ ಬಂದಾಗ ಅದೊಂದನ್ನೇ ನಾಲ್ಕು ಸಲ ಓದಿದೆ. ಅವನಿಲ್ಲದೆ ನನಗೆ ಆಗುತ್ತಿರಲಿಲ್ಲ. ಆ ಹೆಸರಿಡದ ಸಂಗತಿಗೆ ಇದ್ದದ್ದು ಊರಿಗೆಲ್ಲ ಗೊತ್ತಿರುವ ಹೆಸರೇ, ನಾನೊಬ್ಬಳೇ ಅದನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಮರುದಿನ ಕಾಫಿಯ ಹೊತ್ತಿಗೆ ಗುನ್‌ವೋರ್ ನನ್ನ ಕೋಣೆಗೆ ಬಂದಳು. ನಮ್ಮ ವಿಭಾಗದ ಕಚೇರಿ ನಡೆಸುವವಳು ಅವಳು. ಯಾವ ಪ್ರೊಫೆಸರನ್ನೂ ಅವಳು ಮನುಷ್ಯರ ಲೆಕ್ಕಕ್ಕೆ ಹಿಡಿದವಳಲ್ಲ. ಕೈಯಲ್ಲೊಂದು ಹಾಳೆ ಇತ್ತು.

“ನಿನ್ನ ಎದುರಾಳಿ ಹಿಂದೆ ಸರಿದ,” ಎಂದಳು.

“ಕಾರಣ ಏನಂತೆ?”

“ನಾನು ಓದಲ್ಲಮ್ಮ, ನಂಗೆ ನಾಚಿಕೆ ಆಗುತ್ತೆ. ನೀನೇ ಓದ್ಕೋ.”

ವಿಭಾಗದ ಕಚೇರಿಗೆ ಬಂದ ಮೇಲ್ ಅದು. ಮೊದಲ ಸಲ ಎಸ್ಕಿಲ್ ಮರ್ಯಾದೆಯ ಭಾಷೆಯಲ್ಲಿ ಬರೆದಿದ್ದ.

“ಟೋರುನ್ ಅವರ ಪ್ರಬಂಧಕ್ಕೆ ಎದುರಾಳಿಯಾಗಲು ನಾನು ಅರ್ಹನಲ್ಲ. ಒಂದು, ಅವರ ನಾಲ್ಕನೆಯ ಅಧ್ಯಾಯದಲ್ಲಿ ನನ್ನ ಮಾತಿದೆ, ಅದನ್ನು ಅವರು ಮುಚ್ಚಿಟ್ಟಿಲ್ಲ. ಎರಡು, ಅಭ್ಯರ್ಥಿಯ ಬಗ್ಗೆ ನನಗೆ ಭಾರಿ ಪಕ್ಷಪಾತವಿದೆ. ತುಂಬಿದ ಸಭೆಯಲ್ಲಿ ಅವರು ನನಗೆ ಕೂತ್ಕೋ ಎಂದ ದಿನದಿಂದಲೂ ಇದೆ, ದಿನೇ ದಿನೇ ಹೆಚ್ಚುತ್ತಿದೆ, ವಾಸಿಯಾಗುವ ಲಕ್ಷಣವಿಲ್ಲ. ಅಭ್ಯರ್ಥಿಗೆ ಇದು ತಿಳಿಯದು. ಅವರಿಗೆ ನನ್ನ ಮೇಲಿರುವುದು ತಾತ್ಸಾರ ಮಾತ್ರ, ಅದಕ್ಕೆ ಎರಡು ವರ್ಷದ ಲಿಖಿತ ಪುರಾವೆ ನನ್ನಲ್ಲಿದೆ. ಆದ್ದರಿಂದ ಅವರನ್ನು ದೂರಬಾರದು. ನನ್ನ ಬದಲಿಗೆ ಬರ್ಗೆನ್ ವಿಶ್ವವಿದ್ಯಾಲಯದ ಬೋರ್ಗ್‌ಹಿಲ್ಡ್ ಅದೇ ದಿನಕ್ಕೆ ಬರಲು ಒಪ್ಪಿದ್ದಾರೆ.”

ಬೋರ್ಗ್‌ಹಿಲ್ಡ್! ಅವಳ ದೊಡ್ಡ ಪುಸ್ತಕವನ್ನು ‘ಮರಗಳಿಗೆ ಮಾಡಿದ ಅನ್ಯಾಯ’ ಎಂದು ಅಚ್ಚಿನಲ್ಲಿ ಬೈದವನು ಇದೇ ಎಸ್ಕಿಲ್. ಅವಳು ಇವನ ಹೆಸರು ಕೇಳಿದರೆ ಕಿಟಕಿ ಮುಚ್ಚುತ್ತಾಳೆಂದು ಹೇಳುತ್ತಿದ್ದರು. ಅಂಥವಳ ಕಾಲಿಗೆ ಬಿದ್ದು ಒಪ್ಪಿಸಿದ್ದಾನೆ. ಆ ಮೌನದ ದಿನಗಳೆಲ್ಲ ಎಲ್ಲಿಗೆ ಹೋದವೆಂದು ಈಗ ತಿಳಿಯಿತು.

“ಇದಕ್ಕೆ ಇನ್‌ವರ್ಡ್ ನಂಬರ್ ಹಾಕಿದ್ದೀನಿ,” ಎಂದಳು ಗುನ್‌ವೋರ್. “ಕಚೇರಿಗೆ ಬಂದ್ಮೇಲೆ ಇದು ಸಾರ್ವಜನಿಕ ದಾಖಲೆ. ದಾರೀಲಿ ಹೋಗೋನು ಬಂದು ಕೇಳಿದ್ರೂ ತೋರಿಸ್ಲೇಬೇಕು, ಕಾನೂನು.”

“ಯಾರಾದ್ರೂ ಕೇಳಿದ್ರಾ?”

“ಎಲ್ಲಾರೂ ಕೇಳಿದ್ರು. ಫೋಲ್ಕೆ ಎರಡು ಸಲ ಬಂದ. ಎರಡನೇ ಸಲ ಕನ್ನಡಕ ತಂದಿದ್ದ.”

ನಾನು ನಗಲು ಹೋಗಿ ಅತ್ತೆ. ಗುನ್‌ವೋರ್ ಬಾಗಿಲು ಮುಚ್ಚಿ, ನನ್ನ ಕಾಫಿಯನ್ನು ತಾನೇ ಕುಡಿದು, ಅಳು ನಿಲ್ಲುವವರೆಗೆ ಕೂತಳು. “ಗಂಡಸರು ಹೂ ಕಳಿಸ್ತಾರೆ. ಇವನು ಕಚೇರಿಗೆ ಅರ್ಜಿ ಹಾಕಿದ್ದಾನೆ,” ಎಂದಳು. “ಬಿಡಬೇಡ ಕಣೇ. ಹೂ ಬಾಡುತ್ತೆ, ಇನ್‌ವರ್ಡ್ ಆದ ಅರ್ಜಿ ನಮ್ಮ ಕಪಾಟಿನಿಂದ ಸತ್ತರೂ ಹೋಗಲ್ಲ.”

ಆಗ ನನಗೆ ಹೊಳೆಯಿತು. ಅಚ್ಚಿಗೆ ಹೋಗಲು ಇನ್ನೂ ಸಮಯವಿತ್ತು. ಕೂತು ಮುನ್ನುಡಿಗೆ ಒಂದು ಅಡಿಟಿಪ್ಪಣಿ, ಕೊನೆಯ ಪಟ್ಟಿಗೆ ಒಂದು ಸಾಲು ಸೇರಿಸಿದೆ. ಎಸ್ಕಿಲ್‌ಗೆ ಬರೆದದ್ದು ಇಷ್ಟೇ: “ಓದಿದೆ. ಒಂದು ತಪ್ಪಿದೆ. ಪುಸ್ತಕದಲ್ಲಿ ತಿದ್ದಿದ್ದೇನೆ. ಮೊಳೆ ಹೊಡೆಯುವ ದಿನ ಬಾ.”

ನಮ್ಮಲ್ಲಿ ಪರೀಕ್ಷೆಗೆ ಮೂರು ವಾರ ಮುಂಚೆ ಪ್ರಬಂಧಕ್ಕೆ ತೂತು ಕೊರೆದು, ವಿಶ್ವವಿದ್ಯಾಲಯದ ಗೋಡೆಯ ಹಲಗೆಗೆ ಮೊಳೆ ಹೊಡೆದು ತೂಗುಹಾಕುತ್ತೇವೆ. ಯಾರು ಬೇಕಾದರೂ ಬಂದು ಓದಲಿ, ತಪ್ಪು ಹುಡುಕಲಿ ಎಂದು. ಆ ಬೆಳಗ್ಗೆ ಗುನ್‌ವೋರ್ ಸುತ್ತಿಗೆ ತಂದಳು. ಫೋಲ್ಕೆ ಭಾಷಣ ತಂದಿದ್ದ.

“ಈ ಪ್ರಬಂಧದ ನಾಲ್ಕನೇ ಅಧ್ಯಾಯ ನಮ್ಮ ವಿಭಾಗದ ಹೆಮ್ಮೆ. ನಾನು ಮೊದಲಿಂದ್ಲೂ ಹೇಳ್ತಾ ಬಂದಿದ್ದೀನಿ...”

“ಇದು ಪ್ರಶ್ನೆ ಅಲ್ಲ,” ಎಂದು ಹಿಂದಿನಿಂದ ಒಂದು ದನಿ ಬಂತು.

ತಿರುಗಿದೆ. ಬೆಳಗಿನ ಹಡಗಿಳಿದು ಸೀದಾ ಬಂದಿದ್ದ. ಅದೇ ಬೂದು ಸ್ವೆಟರು, ಈ ಸಲವೂ ಒಳಮೈ ಹೊರಗೆ. ಕಿವಿ ಆಗಲೇ ಕೆಂಪಗಿದ್ದವು. ಇಷ್ಟು ದಿನ ತಾತ್ಸಾರವೆಂದು ಜೋಪಾನ ಮಾಡಿದ್ದ ನನ್ನ ಮುಖ ಆ ಕ್ಷಣ ಏನು ಮಾಡಿತೋ ನನಗೆ ಗೊತ್ತಿಲ್ಲ. ಗುನ್‌ವೋರ್ “ಅಯ್ಯೋ ದೇವರೇ” ಎಂದದ್ದು ಕೇಳಿಸಿತು.

“ಕೂತ್ಕೋ,” ಎಂದೆ.

“ಕುರ್ಚಿ ಇಲ್ಲ.”

ಫೋಲ್ಕೆಯ ಭಾಷಣ ಅಲ್ಲಿಗೆ ನಿಂತಿತು, ಅದನ್ನು ಮುಂದುವರಿಸು ಎಂದು ಯಾರೂ ಕೇಳಲಿಲ್ಲ. ನಾನು ಸುತ್ತಿಗೆ ಎತ್ತಿದೆ. ಮೊದಲ ಏಟು ಹಲಗೆಗೆ ಬಿತ್ತು, ಎರಡನೆಯದು ಮೊಳೆಗೆ. ಪುಸ್ತಕ ತೂಗಿತು. ಜನ ಕೇಕಿನ ಕಡೆ ಹೋದರು. ಅವನು ಪುಸ್ತಕದ ಹತ್ತಿರ ಹೋಗಿ ನಿಂತ.

“ತಪ್ಪು ಇದೆ ಅಂದೆಯಲ್ಲ. ಎಲ್ಲಿ?”

“ಮುನ್ನುಡಿ ನೋಡು. ಕೆಳಗಡೆ.”

ಅವನು ಓದಿದ. ಮುನ್ನುಡಿಯಲ್ಲಿ ನಾನು ಅವನಿಗೆ ಕೃತಜ್ಞತೆ ಹೇಳಿದ್ದೆ, ಅದರ ಅಡಿಟಿಪ್ಪಣಿ ಹೀಗಿತ್ತು: “ಸುಂಡ್‌ಮನ್ ಅವರಿಗೆ ಲೇಖಕಿಯ ಮೇಲಿರುವ ಪಕ್ಷಪಾತಕ್ಕೆ ಆಕರ ಪಟ್ಟಿ ನೋಡಿ. ಲೇಖಕಿಗಿರುವುದು ತಾತ್ಸಾರ ಮಾತ್ರವೆಂದು ಅಲ್ಲಿ ಹೇಳಿರುವುದು ತಪ್ಪು. ಪಕ್ಷಪಾತ ಎರಡೂ ಕಡೆ ಇದೆ.”

ಅವನು ಹಾಳೆಗಳನ್ನು ಮಗುಚುತ್ತ ಕೊನೆಗೆ ಹೋದ. ಕೊನೆಯ ಪಟ್ಟಿಯಲ್ಲಿ, ಸತ್ತುಹೋದ ಟಪಾಲು ರೈತರ ಕಾಗದಗಳ ಕೆಳಗೆ, ಅವನ ಹೆಸರಿತ್ತು. ಪಕ್ಕದಲ್ಲಿ ‘ವಿಭಾಗಕ್ಕೆ ಬರೆದ ಇ-ಮೇಲ್’ ಎಂದೂ ಗುನ್‌ವೋರ್ ಹಾಕಿದ ನಂಬರೂ ಇತ್ತು.

“ಎರಡು ವರ್ಷ ನಂಗೆ ಬರೆದ ಮೇಲ್ ಒಂದೂ ಪಟ್ಟಿಗೆ ಸೇರಲಿಲ್ಲ,” ಎಂದೆ. “ಬೇರೆಯವರಿಗೆ ಬರೆದ ಇದೊಂದು ಸೇರ್ತು. ಯಾರು ಬೇಕಾದ್ರೂ ಬಂದು ನೋಡ್ಬಹುದಲ್ಲ.”

“ಅದಕ್ಕೇ ಅಲ್ಲಿಗೆ ಬರೆದದ್ದು, ಮಾರಾಯ್ತಿ. ನಿನಗೇ ಬರೆದಿದ್ರೆ ನೀನು ನಂಬ್ತಿದ್ಯಾ? ಆಕರ ಎಲ್ಲಿ ಅಂತಿದ್ದೆ.”

ಅಂತಿದ್ದೆ. ಖಂಡಿತ ಅಂತಿದ್ದೆ.

“ಸಮುದ್ರ ಹೇಗಿತ್ತು ಇವತ್ತು?” ಎಂದು ಕೇಳಿದೆ.

“ತಣ್ಣಗಿತ್ತು. ಒಂದು ಅಲೆ ಇರಲಿಲ್ಲ.”

“ಅಂಥ ದಿನ ಯಾವ ದಡ್ಡ ಈ ಕಡೆ ಬರ್ತಾನೆ? ಮೀನಿಗೆ ಹೋಗ್ಬೇಕಿತ್ತು.”

“ಹೋಗ್ಬೇಕಿತ್ತು,” ಎಂದು ಅವನು ಕಣ್ಣು ಕಿರಿದು ಮಾಡಿ ನಕ್ಕ. “ಗಾಳಿ ಎದ್ದಾಗ ಮಾತ್ರ ಬರೋದು ಸಾಕಾಯ್ತು ನಂಗೆ.”

ಆ ನಗು ಕಂಡು ನನ್ನ ಬಳಿ ಉಳಿದಿದ್ದ ಎಲ್ಲ ಬೈಗುಳವೂ ಖರ್ಚಾಯಿತು. ಕೈ ಚಾಚಿ ಅವನ ಕತ್ತಿನ ಹಿಂದಿನ ಚೀಟಿಯನ್ನು ಒಳಗೆ ಮಡಚಿದೆ. ಎರಡು ವರ್ಷದಿಂದ ಮಾಡಬೇಕೆಂದಿದ್ದ ಕೆಲಸ. ಕೈಯನ್ನು ವಾಪಸು ತೆಗೆಯುವುದು ಮರೆತುಹೋಯಿತು.

“ನನ್ನ ಹೆಸರು ಪಟ್ಟಿಗೆ ಹಾಕೋಕೆ ನೀನು ಅನುಮತಿ ಕೇಳಲಿಲ್ಲ,” ಎಂದ, ಬಹಳ ಹತ್ತಿರದಿಂದ. ಉಪ್ಪುಮಿಠಾಯಿಯ ವಾಸನೆ ಬಂತು.

“ಸಾರ್ವಜನಿಕ ದಾಖಲೆಗೆ ಅನುಮತಿ ಬೇಡ, ದಡ್ಡ. ಖಾಸಗಿ ಆದ್ರೆ ಮಾತ್ರ ಕೇಳ್ಬೇಕು.”

ಅವನು ಸುತ್ತ ನೋಡಿದ. ಎಲ್ಲರೂ ಕೇಕಿನ ಹತ್ತಿರವಿದ್ದರು. ಆಗ ದನಿ ತಗ್ಗಿಸಿ ಅನುಮತಿ ಕೇಳಿದ.

ಕೊಟ್ಟೆ.